ಚಿಕ್ಕಮ್ಮನ ರಿಪೋರ್ಟು ಮತ್ತು ಕಂದು ಬಣ್ಣದ ನಕಾಶೆ

ನಮ್ಮ ದೇಹದ ಯಾವ ಅಂಗದಲ್ಲಿ, ಯಾವ ಕೋಶದಲ್ಲಿ, ಯಾವ ಪ್ರೋಟೀನ್ ಇದೆ ಅಂತ ತೋರಿಸುವ ಲಕ್ಷಾಂತರ ಚಿತ್ರಗಳು ಈಗ ಮೊಬೈಲಿನಲ್ಲೇ ಉಚಿತವಾಗಿ ಸಿಗುತ್ತವೆ. ಅವನ್ನು ನೋಡೋದು ಹೇಗೆ? ಅದಕ್ಕಿಂತ ಮುಖ್ಯವಾಗಿ, ನೋಡಿ ತಪ್ಪು ತಿಳಿಯದೇ ಇರೋದು ಹೇಗೆ?

ರಾತ್ರಿ ಹತ್ತೂವರೆಗೆ ನಮ್ಮ ‘ಹೊಳಲ್ಕೆರೆ ಮನೆ’ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ಪಿಡಿಎಫ್ ಬಂತು. ಕಳಿಸಿದವನು ಹಿರಿಯೂರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ, ಅಂದರೆ ಚಿಕ್ಕಮ್ಮನ ಮಗ. ಜೊತೆಗೆ ಒಂದೇ ಸಾಲು: ‘ಅಣ್ಣಾ, ಇದ್ರಲ್ಲಿ ಎರಡು ಕಡೆ ಪಾಸಿಟಿವ್ ಅಂತ ಬಂದಿದೆ. ಏನ್ ಮಾಡೋದು?’

ಚಿಕ್ಕಮ್ಮನಿಗೆ ಐವತ್ನಾಲ್ಕು ವರ್ಷ. ಹೊಸದುರ್ಗದ ಹತ್ತಿರ ಒಂದು ಹಳ್ಳಿಯಲ್ಲಿ ಅಡಿಕೆ ತೋಟ. ಎದೆಯಲ್ಲಿ ಸಣ್ಣ ಗಂಟು ಅಂತ ಮೂರು ತಿಂಗಳು ಯಾರಿಗೂ ಹೇಳಿರಲಿಲ್ಲ. ಕೊನೆಗೆ ಚಿತ್ರದುರ್ಗದಲ್ಲಿ ಸೂಜಿ ಹಾಕಿ ಚೂರು ತೆಗೆದರು. ಮೊದಲ ರಿಪೋರ್ಟಿನಲ್ಲಿ ಕ್ಯಾನ್ಸರ್ ಅಂತ ಬಂತು. ಆಮೇಲೆ ಬಂದದ್ದೇ ಈ ಎರಡನೇ ರಿಪೋರ್ಟು. ಅದರಲ್ಲಿ ಮೂರೇ ಮುಖ್ಯ ಸಾಲು. ಇಆರ್: ಪಾಸಿಟಿವ್. ಪಿಆರ್: ಪಾಸಿಟಿವ್. ಹರ್-2: 2+.

ಕೊರೊನಾ ಕಾಲ ನಮಗೆಲ್ಲ ಒಂದು ಪಾಠ ಕಲಿಸಿಬಿಟ್ಟಿದೆ. ಪಾಸಿಟಿವ್ ಅಂದ್ರೆ ಕೆಟ್ಟದ್ದು, ನೆಗೆಟಿವ್ ಅಂದ್ರೆ ಒಳ್ಳೇದು. ಹಾಗಾಗಿ ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ನಾನಂತೂ ಬೆಂಗಳೂರಿನ ರೂಮಿನಲ್ಲಿ ಕೂತು ಬೆಳಗಿನ ಜಾವದ ತನಕ ಗೂಗಲ್ ಮಾಡಿದೆ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹೋಗ್ತಾ ಹೋಗ್ತಾ ತಲುಪಿದ್ದು ‘ಹ್ಯೂಮನ್ ಪ್ರೋಟೀನ್ ಅಟ್ಲಾಸ್’ ಅನ್ನೋ ಒಂದು ಭಂಡಾರಕ್ಕೆ. ಅಲ್ಲಿ ನೋಡಿದ್ದನ್ನ ನಾನು ಪೂರ್ತಿ ತಪ್ಪಾಗಿ ಅರ್ಥ ಮಾಡ್ಕೊಂಡೆ. ನೀವು ಹಾಗೆ ಮಾಡಬಾರದು ಅನ್ನೋದಕ್ಕೇ ಈ ಬರಹ.

ಸೀಸೆ ಹಿಡಿದು ಬಸ್ ಹತ್ತಿದವನು

ಮೊದಲು ಆ ರಿಪೋರ್ಟು ಹುಟ್ಟಿದ್ದು ಹೇಗೆ ಅಂತ ಹೇಳ್ತೀನಿ. ನಮ್ಮ ಕಡೆ ಇಂಥ ಪರೀಕ್ಷೆ ಎಲ್ಲ ಊರಲ್ಲೂ ಇಲ್ಲ. ತೆಗೆದ ಚೂರನ್ನು ಒಂದು ಸಣ್ಣ ಸೀಸೆಯಲ್ಲಿ ಹಾಕಿ ‘ಇದನ್ನ ಬೆಂಗಳೂರಿನ ಲ್ಯಾಬಿಗೆ ಮುಟ್ಟಿಸಿ’ ಅಂತ ಮನೆಯವರ ಕೈಗೇ ಕೊಟ್ಟರು. ತಮ್ಮ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬ್ಯಾಗಿನಲ್ಲಿಟ್ಟು, ಬ್ಯಾಗನ್ನು ತೊಡೆ ಮೇಲಿಟ್ಟುಕೊಂಡು ಚಿತ್ರದುರ್ಗದಿಂದ ಸುಮಾರು ಇನ್ನೂರು ಕಿಲೋಮೀಟರು ಬಸ್ಸಿನಲ್ಲಿ ಬಂದ. ‘ಹಿರಿಯೂರು ದಾಟೋವಾಗ ಕಂಡಕ್ಟರ್ ಬ್ಯಾಗು ಮೇಲಿಡಿ ಅಂದ ಅಣ್ಣಾ, ನಾ ಇಡ್ಲಿಲ್ಲ’ ಅಂದ.

ಸೀಸೆಯೊಳಗಿನ ನೀರಿನಂಥ ದ್ರವ ಫಾರ್ಮಲಿನ್. ದೇಹದಿಂದ ಹೊರಬಂದ ಮಾಂಸ ಕೆಡದ ಹಾಗೆ, ಅದರೊಳಗಿನ ಪ್ರೋಟೀನುಗಳು ಇದ್ದಲ್ಲೇ ಇರುವ ಹಾಗೆ ಹಿಡಿದಿಡುವುದು ಅದರ ಕೆಲಸ. ಸ್ತನದ ಚೂರನ್ನು ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಹಾಕಬೇಕು. ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಅದರಲ್ಲಿರಬೇಕು ಅನ್ನೋದು ಅಂತರರಾಷ್ಟ್ರೀಯ ನಿಯಮ. ಕಡಿಮೆ ಆದರೂ ಕಷ್ಟ, ಜಾಸ್ತಿ ಆದರೂ ಕಷ್ಟ. ಇರುವ ಪ್ರೋಟೀನೇ ಇಲ್ಲ ಅಂತ ರಿಪೋರ್ಟು ಬರಬಹುದು. ಹಾಗೆ ಬಂದರೆ ಸಿಗಬೇಕಾದ ಮಾತ್ರೆ ರೋಗಿಗೆ ಸಿಗೋದೇ ಇಲ್ಲ.

ನಮ್ಮ ಸೀಸೆಯ ಮೇಲೆ ಹೆಸರಿತ್ತು, ವಯಸ್ಸಿತ್ತು. ಹೊತ್ತು ಬರೆದಿರಲಿಲ್ಲ. ಲ್ಯಾಬಿನವರು ಫೋನ್ ಮಾಡಿ ‘ಫಾರ್ಮಲಿನ್‌ಗೆ ಹಾಕಿದ್ದು ಎಷ್ಟು ಗಂಟೆಗೆ?’ ಅಂತ ಕೇಳಿದಾಗ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಪುಣ್ಯಕ್ಕೆ ತಮ್ಮ ಸೀಸೆ ಕೈಗೆ ಬಂದ ಕೂಡಲೇ ಅದರ ಫೋಟೋ ತೆಗೆದು ಗ್ರೂಪಿಗೆ ಹಾಕಿದ್ದ. ಮಧ್ಯಾಹ್ನ 12 ಗಂಟೆ 10 ನಿಮಿಷ. ಆ ಫೋಟೋ ತೋರಿಸಿ, ಚೂರು ತೆಗೆದ ಕಡೆಯಿಂದ ಖಚಿತ ಮಾಡಿಸಿ, ಲೆಕ್ಕ ಸರಿಹೋಯಿತು. ಒಂದು ವಾಟ್ಸ್ಆ್ಯಪ್ ಫೋಟೋ ನಮ್ಮನ್ನು ಕಾಪಾಡ್ತು.

ಬಣ್ಣ ಹಚ್ಚುವ ವಿದ್ಯೆ

ಲ್ಯಾಬಿನಲ್ಲಿ ಆ ಚೂರನ್ನು ಮೇಣದ ಅಚ್ಚಿನಲ್ಲಿ ಹುದುಗಿಸ್ತಾರೆ. ಇದಕ್ಕೆ ಎಲ್ಲರೂ ‘ಬ್ಲಾಕ್’ ಅಂತಾರೆ. ಅದರಿಂದ ಮೂರು-ನಾಲ್ಕು ಮೈಕ್ರಾನ್ ತೆಳುವಿನ, ಅಂದರೆ ತಲೆಗೂದಲಿನ ದಪ್ಪದ ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ತೆಳುವಿನ ಹಾಳೆ ಕೊಯ್ದು ಗಾಜಿನ ಮೇಲೆ ಇಡ್ತಾರೆ. ಈಗ ಅದರಲ್ಲಿ ಒಂದು ನಿರ್ದಿಷ್ಟ ಪ್ರೋಟೀನನ್ನು ಹುಡುಕಬೇಕು. ಸಾವಿರಾರು ಪ್ರೋಟೀನುಗಳ ಜಾತ್ರೆಯಲ್ಲಿ ಒಂದನ್ನು ಹಿಡಿಯೋದು ಹೇಗೆ?

ಇಲ್ಲಿ ಬಳಕೆಗೆ ಬರೋದು ಆ್ಯಂಟಿಬಾಡಿ, ಅಂದರೆ ಪ್ರತಿಕಾಯ. ರೋಗಾಣು ಮೈಗೆ ಹೊಕ್ಕಾಗ ನಮ್ಮ ದೇಹ ತಯಾರಿಸುವ ಪ್ರತಿಕಾಯ ಆ ರೋಗಾಣುವಿನ ಮೇಲಿನ ಒಂದು ಗುರುತನ್ನು ಹುಡುಕಿ ಅಂಟಿಕೊಳ್ಳುತ್ತೆ. ಇದೇ ಗುಣವನ್ನು ವಿಜ್ಞಾನಿಗಳು ದುಡಿಸಿಕೊಂಡರು. ಬೇಕಾದ ಪ್ರೋಟೀನಿನ ಒಂದು ತುಣುಕನ್ನು ಮೊಲಕ್ಕೋ ಇಲಿಗೋ ಕೊಟ್ಟರೆ ಅದರ ದೇಹ ಆ ತುಣುಕಿಗೆ ಪ್ರತಿಕಾಯ ತಯಾರಿಸುತ್ತೆ. ಅದನ್ನು ಶುದ್ಧ ಮಾಡಿ ಗಾಜಿನ ಮೇಲಿನ ಹಾಳೆಗೆ ಹಾಕಿದರೆ ತನ್ನ ಪ್ರೋಟೀನ್ ಇರುವ ಕಡೆ ಹೋಗಿ ಅಂಟುತ್ತೆ. ಆಮೇಲೆ ಬಣ್ಣ ಬರಿಸುವ ಕಿಣ್ವದ ಸರದಿ. ಪ್ರತಿಕಾಯ ಅಂಟಿದ ಕಡೆಯಲ್ಲೆಲ್ಲ ಕಂದು ಬಣ್ಣ, ಉಳಿದ ಕಡೆ ತಿಳಿ ನೀಲಿ. ಇಷ್ಟೇ ಕಥೆ. ಇದರ ಪೂರ್ತಿ ಹೆಸರು ಇಮ್ಯುನೊಹಿಸ್ಟೊಕೆಮಿಸ್ಟ್ರಿ, ರಿಪೋರ್ಟಿನಲ್ಲಿ ಚುಟುಕಾಗಿ ಐಎಚ್‌ಸಿ.

ವಿದ್ಯೆ ಹಳೇದೇ. 1941ರಲ್ಲಿ ಅಮೆರಿಕದ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟಿ ಮೊದಲ ಬಾರಿ ತೋರಿಸಿದರು. 1966ರಲ್ಲಿ ನಕಾನೆ ಮತ್ತು ಪಿಯರ್ಸ್ ಕಿಣ್ವ ಕಟ್ಟುವ ವಿಧಾನ ತಂದರು. ಆಗ ಮಾಮೂಲಿ ಸೂಕ್ಷ್ಮದರ್ಶಕದಲ್ಲೇ ನೋಡೋ ಹಾಗಾಯಿತು.

ಇಲ್ಲಿ ಬಣ್ಣ ಬಂತಾ ಇಲ್ವಾ ಅನ್ನೋದಷ್ಟೇ ಅಲ್ಲ, ಎಲ್ಲಿ ಬಂತು ಅನ್ನೋದೂ ಮುಖ್ಯ. ನಮ್ಮ ದುರ್ಗದ ಏಳು ಸುತ್ತಿನ ಕೋಟೆಯನ್ನೇ ನೆನಪಿಸಿಕೊಳ್ಳಿ. ಹರ್-2 ಅನ್ನೋ ಪ್ರೋಟೀನ್ ಕೋಶದ ಹೊರಗೋಡೆಯಲ್ಲಿ ನಿಲ್ಲುವ ಕಾವಲುಗಾರ. ಹಾಗಾಗಿ ಅದರ ಬಣ್ಣ ಕೋಶದ ಸುತ್ತ ಬೇಲಿ ಹಾಕಿದಂತೆ ಕಾಣಬೇಕು. ಇಆರ್, ಅಂದರೆ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ಪ್ರೋಟೀನ್, ಕೋಟೆಯ ಒಳಗಿನ ಅರಮನೆಯಲ್ಲಿ, ಅಂದರೆ ಕೋಶಕೇಂದ್ರದಲ್ಲಿ ಇರುತ್ತೆ. ಅದರ ಬಣ್ಣ ಒಳಗೆ ದುಂಡಗೆ ಕಾಣಬೇಕು. ಕೇಂದ್ರದಲ್ಲಿ ಬರಬೇಕಾದ ಬಣ್ಣ ಬರೀ ಹೊರಗಡೆ ಬಂದಿದ್ದರೆ ತಜ್ಞರು ಅದನ್ನು ಲೆಕ್ಕಕ್ಕೆ ತಗೊಳ್ಳೋದಿಲ್ಲ.

ಒಂದು ದೊಡ್ಡ ಭಂಡಾರ

ಒಬ್ಬ ರೋಗಿಯ ಒಂದು ಚೂರಿನಲ್ಲಿ ಮೂರು ಪ್ರೋಟೀನ್ ಹುಡುಕೋದು ಆಸ್ಪತ್ರೆಯ ಕೆಲಸ. ಮನುಷ್ಯನ ಜೀನ್‌ಗಳಲ್ಲಿ ಪ್ರೋಟೀನ್ ತಯಾರಿಸುವಂಥವು ಸುಮಾರು 20 ಸಾವಿರ. ಅಷ್ಟೂ ಪ್ರೋಟೀನುಗಳನ್ನು ದೇಹದ ಎಲ್ಲ ಮುಖ್ಯ ಅಂಗಗಳಲ್ಲಿ ಹುಡುಕಿದರೆ?

2003ರಲ್ಲಿ ಸ್ವೀಡನ್ನಿನ ಮಥಿಯಾಸ್ ಉಲೆನ್ ಎಂಬ ವಿಜ್ಞಾನಿ ಈ ಹುಚ್ಚು ಸಾಹಸಕ್ಕೆ ಕೈಹಾಕಿದರು. ದುಡ್ಡು ಕೊಟ್ಟಿದ್ದು ಅಲ್ಲಿನ ವಾಲೆನ್‌ಬರ್ಗ್ ಪ್ರತಿಷ್ಠಾನ. 2005ರಲ್ಲಿ ಅಟ್ಲಾಸಿನ ಮೊದಲ ಆವೃತ್ತಿ ಹೊರಬಂದಾಗ ಇದ್ದದ್ದು 700 ಚಿಲ್ಲರೆ ಪ್ರತಿಕಾಯಗಳ ಮಾಹಿತಿ. 2015ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪೂರ್ತಿ ನಕಾಶೆ ಪ್ರಕಟವಾಗುವ ಹೊತ್ತಿಗೆ 24 ಸಾವಿರಕ್ಕೂ ಹೆಚ್ಚು ಪ್ರತಿಕಾಯಗಳು, ಸುಮಾರು 17 ಸಾವಿರ ಜೀನ್‌ಗಳ ಪ್ರೋಟೀನುಗಳು, 1 ಕೋಟಿ 30 ಲಕ್ಷಕ್ಕೂ ಹೆಚ್ಚು ಚಿತ್ರಗಳು ಸೇರಿದ್ದವು.

ಇಷ್ಟೊಂದು ಕೆಲಸಕ್ಕೆ ಒಂದು ಜಾಣತನದ ಉಪಾಯ ಇದೆ. ಟೊಮೆಟೊ ಸಸಿ ಬೆಳೆಸುವ ನರ್ಸರಿ ಟ್ರೇ ನೋಡಿದ್ದೀರಲ್ಲ? ಅದೇ ಥರ. ನೂರಾರು ಜನರ ಮೇಣದ ಬ್ಲಾಕುಗಳಿಂದ ಒಂದೊಂದು ಮಿಲಿಮೀಟರ್ ಅಗಲದ ಕಡ್ಡಿಯಂಥ ಚೂರು ತೆಗೆದು, ಒಂದೇ ಬ್ಲಾಕಿನಲ್ಲಿ ಸಾಲುಸಾಲಾಗಿ ನೆಡ್ತಾರೆ. ಆ ಒಂದು ಬ್ಲಾಕನ್ನು ಕೊಯ್ದು ಬಣ್ಣ ಹಾಕಿದರೆ ಲಿವರ್, ಕಿಡ್ನಿ, ಹೃದಯ, ಚರ್ಮ ಎಲ್ಲವೂ ಒಂದೇ ಗಾಜಿನ ಮೇಲೆ. ಆರೋಗ್ಯವಂತ ಅಂಗಗಳ 44 ಬಗೆ, ಕ್ಯಾನ್ಸರಿನ 20 ಬಗೆ ಹೀಗೆ ಅಟ್ಲಾಸಿಗೆ ಬಂದವು.

ಈಗ ಪ್ರಶ್ನೆ: ಈ ಕೋಟಿ ಚಿತ್ರಗಳನ್ನು ನೋಡಿ ‘ಇಲ್ಲಿ ಬಣ್ಣ ಜಾಸ್ತಿ, ಇಲ್ಲಿ ಕಮ್ಮಿ, ಇಲ್ಲಿ ಇಲ್ಲವೇ ಇಲ್ಲ’ ಅಂತ ಬರೆದವರು ಯಾರು? ಇಲ್ಲಿ ನಮ್ಮ ದೇಶ ಬರುತ್ತೆ. ಸ್ವೀಡನ್ನಿನಲ್ಲಿ ಸ್ಕ್ಯಾನ್ ಆದ ಚಿತ್ರಗಳು ಇಂಟರ್‌ನೆಟ್‌ನಲ್ಲಿ ಮುಂಬೈಗೆ ಬರುತ್ತಿದ್ದವು. ಅಲ್ಲಿ ಡಾ. ಸಂಜಯ್ ನವಾನಿ ಅವರ ಲ್ಯಾಬ್ ಸರ್ಜ್‌ಪಾತ್‌ನಲ್ಲಿ ಭಾರತೀಯ ಪೆಥಾಲಜಿಸ್ಟುಗಳು ಒಂದೊಂದೇ ಚಿತ್ರವನ್ನು ಕಣ್ಣಾರೆ ನೋಡಿ, ಯಾವ ಬಗೆಯ ಕೋಶದಲ್ಲಿ ಎಷ್ಟು ಬಣ್ಣ ಅಂತ ದಾಖಲಿಸಿದರು. ಜಗತ್ತಿನ ವಿಜ್ಞಾನಿಗಳು ದಿನಾ ಬಳಸುವ ಈ ಅಟ್ಲಾಸಿನ ಹಿಂದೆ ನಮ್ಮವರ ಕಣ್ಣಿನ ದುಡಿಮೆ ಇದೆ ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ.

ಈ ಕೆಲಸ ಎಂಥದ್ದು ಅಂತ ಹೊಳಲ್ಕೆರೆ, ಹೊಸದುರ್ಗದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಭೀಮಸಮುದ್ರದ ಅಡಿಕೆ ವ್ಯಾಪಾರಿ ಒಂದು ಹಿಡಿ ಅಡಿಕೆ ಎತ್ತಿ ಬೆಳಕಿಗೆ ಹಿಡಿದು ‘ಇದು ರಾಶಿ, ಇದು ಬೆಟ್ಟೆ’ ಅಂತಾನಲ್ಲ, ಅದೇ ಬಗೆ. ಬಣ್ಣ, ಹೊಳಪು, ಎಷ್ಟು ಪಾಲು ಹೇಗಿದೆ ಅನ್ನೋದನ್ನ ಅನುಭವದ ಕಣ್ಣು ಅಳೆಯುತ್ತೆ. ಇಬ್ಬರು ವ್ಯಾಪಾರಿಗಳು ಒಂದೇ ಮೂಟೆಗೆ ಬೇರೆ ಬೇರೆ ದರ ಹೇಳುವ ಹಾಗೆ ಇಬ್ಬರು ಪೆಥಾಲಜಿಸ್ಟುಗಳ ಅಂದಾಜೂ ಕೆಲವು ಸಲ ಬೇರೆಯಾಗುತ್ತೆ. ರಾಶಿ-ಬೆಟ್ಟೆಯ ನಡುವೆ ತೂಗಾಡುವ ಮಾಲಿನಲ್ಲೇ ಜಗಳ ಜಾಸ್ತಿ. ಚಿಕ್ಕಮ್ಮನ ‘2+’ ಅಂಥದ್ದೇ ಮಾಲು ಅಂತ ಆಮೇಲೆ ಗೊತ್ತಾಯಿತು.

ಬೆಂಗಳೂರಿನ ಪಾಲು

ಇದೇ ಕಾಲದಲ್ಲಿ ಬೆಂಗಳೂರಿನಲ್ಲೂ ಪ್ರೋಟೀನುಗಳ ಲೆಕ್ಕ ನಡೆದಿತ್ತು. 2002ರಲ್ಲಿ ವೈಟ್‌ಫೀಲ್ಡಿನ ಟೆಕ್ ಪಾರ್ಕಿನಲ್ಲಿ ಶುರುವಾದ ಇನ್‌ಸ್ಟಿಟ್ಯೂಟ್ ಆಫ್ ಬಯೊಇನ್ಫರ್ಮ್ಯಾಟಿಕ್ಸ್, ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಡಾ. ಅಖಿಲೇಶ್ ಪಾಂಡೆ ಅವರ ತಂಡದ ಜೊತೆ ಸೇರಿ ‘ಹ್ಯೂಮನ್ ಪ್ರೋಟೀನ್ ರೆಫರೆನ್ಸ್ ಡೇಟಾಬೇಸ್’ ಕಟ್ಟಿತು. ಜೀವವಿಜ್ಞಾನ ಓದಿದ ಹುಡುಗ ಹುಡುಗಿಯರು ಸಾವಿರಾರು ಸಂಶೋಧನಾ ಪ್ರಬಂಧಗಳನ್ನು ಓದಿ, ಯಾವ ಪ್ರೋಟೀನ್ ಯಾವ ಅಂಗದಲ್ಲಿದೆ, ಯಾವುದರ ಜೊತೆ ಸೇರುತ್ತೆ ಅಂತ ಕೈಯಾರೆ ದಾಖಲಿಸಿದರು. 2008ರಲ್ಲಿ ಬಂದ ‘ಹ್ಯೂಮನ್ ಪ್ರೋಟೀನ್‌ಪೀಡಿಯಾ’ದಲ್ಲಿ ಜಗತ್ತಿನ ಯಾವ ಲ್ಯಾಬ್ ಬೇಕಾದರೂ ತನ್ನ ಪ್ರಯೋಗದ ಫಲಿತಾಂಶ, ಪ್ರತಿಕಾಯದ ಬಣ್ಣದ ಚಿತ್ರಗಳನ್ನೂ ಸೇರಿಸಿ, ಹಂಚಿಕೊಳ್ಳುವ ಅವಕಾಶ ಇತ್ತು.

ಆಮೇಲೆ 2014ರ ಮೇ ತಿಂಗಳಲ್ಲಿ ಈ ತಂಡ ‘ನೇಚರ್’ ಪತ್ರಿಕೆಯಲ್ಲಿ ಮನುಷ್ಯನ ಪ್ರೋಟೀನುಗಳ ಕರಡು ನಕಾಶೆ ಪ್ರಕಟಿಸಿತು. ದೊಡ್ಡವರ 17 ಅಂಗಗಳು, ಭ್ರೂಣದ 7 ಅಂಗಗಳು, ರಕ್ತದ 6 ಬಗೆಯ ಕೋಶಗಳು. ಒಟ್ಟು 30 ಬಗೆಯ ಮಾದರಿಗಳಲ್ಲಿ 17,294 ಜೀನ್‌ಗಳ ಪ್ರೋಟೀನುಗಳು ಸಿಕ್ಕವು. ಆದರೆ ಇವರ ದಾರಿ ಬೇರೆ. ಇವರು ಬಣ್ಣ ಹಚ್ಚಲಿಲ್ಲ; ಅಂಗವನ್ನು ಅರೆದು, ಪ್ರೋಟೀನುಗಳನ್ನು ತುಂಡು ಮಾಡಿ, ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ತೂಗಿದರು.

ಎರಡಕ್ಕೂ ವ್ಯತ್ಯಾಸ ಏನು? ಹೊಸದುರ್ಗ ತಾಲ್ಲೂಕಿನಲ್ಲಿ ಎಷ್ಟು ದಾಳಿಂಬೆ ಬೆಳೆಯುತ್ತೆ ಅಂತ ಹೇಳೋದು ಒಂದು ಲೆಕ್ಕ. ಯಾವ ಸರ್ವೆ ನಂಬರಿನಲ್ಲಿ, ಯಾವ ಬದುವಿನ ಪಕ್ಕ ಬೆಳೆಯುತ್ತೆ ಅಂತ ತೋರಿಸೋದು ಇನ್ನೊಂದು. ಅರೆದು ತೂಗಿದರೆ ಮೊದಲನೇದು ಸಿಗುತ್ತೆ. ಬಣ್ಣ ಹಚ್ಚಿ ನೋಡಿದರೆ ಎರಡನೇದು. ಒಂದು ಇನ್ನೊಂದನ್ನು ಪರೀಕ್ಷಿಸುತ್ತೆ. ಆ ವರ್ಷ ಬಂದ ಕರಡು ನಕಾಶೆಗಳ ಬಗ್ಗೆ ಬೇರೆ ವಿಜ್ಞಾನಿಗಳು ಆಕ್ಷೇಪವನ್ನೂ ಎತ್ತಿದರು. ಮೂಗಿನಲ್ಲಿ ವಾಸನೆ ಹಿಡಿಯುವ ಪ್ರೋಟೀನುಗಳು ಮೂಗಲ್ಲದ ಅಂಗಗಳಲ್ಲಿ ಸಿಕ್ಕಿವೆ ಅಂದ್ರೆ ಲೆಕ್ಕದಲ್ಲೇ ಏನೋ ಎಡವಟ್ಟಿದೆ ಅಂದರು. ವಿಜ್ಞಾನದಲ್ಲಿ ಇದು ಅವಮಾನ ಅಲ್ಲ, ದಿನನಿತ್ಯದ ಕೆಲಸ.

ಮೊಬೈಲಿನಲ್ಲಿ ನೋಡೋದು ಹೇಗೆ?

ಅಟ್ಲಾಸಿಗೆ ಲಾಗಿನ್ ಬೇಡ, ಹಣ ಬೇಡ. ಹುಡುಕುವ ಪೆಟ್ಟಿಗೆಯಲ್ಲಿ ಪ್ರೋಟೀನಿನ ಹೆಸರೋ ಜೀನ್‌ನ ಚುಟುಕು ಹೆಸರೋ ಹಾಕಿದರೆ ಸಾಕು. ಮೊದಲ ಸಲ ನೋಡುವವರು ಇನ್ಸುಲಿನ್‌ನಿಂದ ಶುರು ಮಾಡಿ. ಸಕ್ಕರೆ ಕಾಯಿಲೆ ಇಲ್ಲದ ಮನೆ ಯಾವುದಿದೆ ಹೇಳಿ? ಇನ್ಸುಲಿನ್ ಪುಟದಲ್ಲಿ ಅಂಗಾಂಶಗಳ ವಿಭಾಗಕ್ಕೆ ಹೋಗಿ ಮೇದೋಜ್ಜೀರಕ ಗ್ರಂಥಿಯ, ಅಂದರೆ ಪ್ಯಾಂಕ್ರಿಯಾಸ್‌ನ ಚಿತ್ರ ತೆರೆಯಿರಿ. ತಿಳಿ ನೀಲಿ ಬಯಲಿನ ನಡುವೆ ಅಲ್ಲೊಂದು ಇಲ್ಲೊಂದು ಕಂದು ದ್ವೀಪ. ಆ ದ್ವೀಪಗಳೇ ಇನ್ಸುಲಿನ್ ತಯಾರಾಗುವ ಜಾಗ. ಸುತ್ತಲಿನ ಕೋಶಗಳು ಜೀರ್ಣರಸ ಮಾಡುವಂಥವು, ಅಲ್ಲಿ ಬಣ್ಣ ಇಲ್ಲ. ನಿಮ್ಮ ಅಪ್ಪನೋ ಅಮ್ಮನೋ ದಿನಾ ಚುಚ್ಚಿಕೊಳ್ಳುವ ಇನ್ಸುಲಿನ್ ಎಷ್ಟು ಸಣ್ಣ ಜಾಗದಲ್ಲಿ ಹುಟ್ಟಬೇಕಿತ್ತು ಅಂತ ಒಂದು ಚಿತ್ರ ಹೇಳಿಬಿಡುತ್ತೆ.

ಎರಡನೇ ಉದಾಹರಣೆ ಕೊರೊನಾ ಕಾಲದ್ದು. ವೈರಸ್ಸು ಕೋಶದೊಳಗೆ ಹೋಗಲು ಎಸಿಇ-2 ಅನ್ನೋ ಪ್ರೋಟೀನನ್ನು ಬಾಗಿಲಾಗಿ ಬಳಸುತ್ತೆ ಅಂತ ಕೇಳಿದ್ದೀರಿ. ಹಾಗಿದ್ದರೆ ಅದು ಶ್ವಾಸಕೋಶದ ತುಂಬ ಇರಬೇಕಲ್ಲ? 2020ರಲ್ಲಿ ಅಟ್ಲಾಸ್ ತಂಡ 150ಕ್ಕೂ ಹೆಚ್ಚು ಬಗೆಯ ಕೋಶಗಳಲ್ಲಿ ಹುಡುಕಿದಾಗ ಸಣ್ಣಕರುಳು, ಕಿಡ್ನಿ, ಪಿತ್ತಕೋಶಗಳಲ್ಲಿ ಅದು ಚೆನ್ನಾಗಿ ಕಂಡಿತು. ಉಸಿರಾಟದ ಅಂಗಗಳಲ್ಲಿ ಮಾತ್ರ ಬಹಳ ಕಮ್ಮಿ. ನಾವು ಊಹಿಸಿಕೊಂಡಿದ್ದಕ್ಕೂ ಗಾಜಿನ ಮೇಲೆ ಕಂಡದ್ದಕ್ಕೂ ಎಷ್ಟು ದೂರ ನೋಡಿ.

ಮೂರನೇದು ಗೇಮ್ ಆಡುವವರಿಗೆ. ಅಟ್ಲಾಸಿನ ಇನ್ನೊಂದು ವಿಭಾಗದಲ್ಲಿ ಪ್ರೋಟೀನು ಕೋಶದೊಳಗೆ ಯಾವ ಭಾಗದಲ್ಲಿದೆ ಅಂತ ಹೊಳೆಯುವ ಬಣ್ಣದಲ್ಲಿ ತೋರಿಸುವ ಚಿತ್ರಗಳಿವೆ. 2016ರಲ್ಲಿ ‘ಈವ್ ಆನ್‌ಲೈನ್’ ಅನ್ನೋ ಕಂಪ್ಯೂಟರ್ ಆಟದೊಳಗೇ ಈ ಚಿತ್ರಗಳನ್ನು ಗುರುತಿಸುವ ಒಂದು ಕಿರು ಆಟ ಸೇರಿಸಿದರು. ಮೂರು ಲಕ್ಷಕ್ಕೂ ಹೆಚ್ಚು ಆಟಗಾರರು ಭಾಗವಹಿಸಿದರು. ಆಟ ಆಡ್ತಾ ಆಡ್ತಾ ವಿಜ್ಞಾನಕ್ಕೆ ದುಡಿದರು.

ನಾನು ಮಾಡಿದ ಮೂರು ತಪ್ಪು

ಈಗ ಆ ರಾತ್ರಿಗೆ ವಾಪಸ್ ಬರೋಣ. ನಾನು ಇಆರ್ ಪ್ರೋಟೀನಿನ ಪುಟ ತೆರೆದೆ. ಸ್ತನದ ಜೊತೆಗೆ ಗರ್ಭಕೋಶದ ಒಳಪದರ, ಗರ್ಭನಾಳ, ಗರ್ಭಕೊರಳಲ್ಲೂ ಕಂದು ಬಣ್ಣ. ನನ್ನ ಎದೆ ಧಸಕ್ಕೆಂದಿತು. ‘ಹಾಗಾದ್ರೆ ಚಿಕ್ಕಮ್ಮನ ಗರ್ಭಕೋಶಕ್ಕೂ ಹರಡಿದೆಯಾ?’ ಆಮೇಲೆ ಹರ್-2 ನೋಡಿದೆ. ಅದೂ ಅಲ್ಲಿ ಇಲ್ಲಿ ಹಲವು ಅಂಗಗಳಲ್ಲಿ. ನಾಲ್ಕು ಗಂಟೆಗೆ ತಮ್ಮನಿಗೆ ಮೆಸೇಜ್ ಹಾಕಿದೆ: ‘ಹೊಟ್ಟೆ ಸ್ಕ್ಯಾನ್ ಮಾಡಿಸ್ಬೇಕು ಅನ್ಸುತ್ತೆ.’ ಅವನು ಅದನ್ನ ಚಿಕ್ಕಮ್ಮನಿಗೆ ಹೇಳಿಬಿಟ್ಟ. ಅವರು ‘ಎಲ್ಲಾ ಕಡೆ ಹಬ್ಬಿದ್ರೆ ದುಡ್ಡು ಯಾಕೆ ಸುರೀತೀರಾ, ನಾನು ಎಲ್ಲಿಗೂ ಬರಲ್ಲ’ ಅಂತ ಕೂತರು.

ನಾನು ಅಂದುಕೊಂಡದ್ದು ಒಂದೊಂದೂ ಎಷ್ಟು ತಪ್ಪು ಅಂತ ಪರಿಚಯದ ಪೆಥಾಲಜಿ ಡಾಕ್ಟರೊಬ್ಬರು ಮರುದಿನ ಫೋನಿನಲ್ಲಿ ಬಿಡಿಸಿ ಹೇಳಿದರು.

ಒಂದನೇ ತಪ್ಪು: ಅಟ್ಲಾಸಿನಲ್ಲಿರುವುದು ಚಿಕ್ಕಮ್ಮನ ಅಂಗ ಅಲ್ಲ. ಅದು ಬೇರೆ ಯಾರದೋ ಆರೋಗ್ಯವಂತ ಗರ್ಭಕೋಶ. ಅಲ್ಲಿ ಇಆರ್ ಇರೋದು ಸಹಜ, ಇರಲೇಬೇಕು. ಹಾರ್ಮೋನಿನ ಮಾತು ಕೇಳಿಸಿಕೊಳ್ಳಲು ಆ ಅಂಗಕ್ಕೆ ಅದು ಕಿವಿ ಇದ್ದ ಹಾಗೆ. ಪ್ರೋಟೀನ್ ಇದೆ ಅಂದ್ರೆ ರೋಗ ಇದೆ ಅಂತಲ್ಲ.

ಎರಡನೇ ತಪ್ಪು: ಪಾಸಿಟಿವ್ ಅಂದ್ರೆ ಕೆಟ್ಟದ್ದು ಅಂದುಕೊಂಡದ್ದು. ಇಆರ್, ಪಿಆರ್ ಪಾಸಿಟಿವ್ ಅಂದರೆ ಆ ಗೆಡ್ಡೆ ಹಾರ್ಮೋನಿನ ಆಸರೆಯಲ್ಲಿ ಬೆಳೀತಿದೆ ಅಂತ. ಆ ಆಸರೆ ತಪ್ಪಿಸುವ ಮಾತ್ರೆಗಳಿವೆ. ಚಿಕಿತ್ಸೆಗೆ ಒಂದು ಬಾಗಿಲು ಜಾಸ್ತಿ ತೆರೆದ ಹಾಗೆ. ನೂರರಲ್ಲಿ ಒಂದು ಕೋಶಕೇಂದ್ರಕ್ಕೆ ಬಣ್ಣ ಬಂದಿದ್ದರೂ ಪಾಸಿಟಿವ್ ಅಂತಲೇ ಲೆಕ್ಕ. ‘ನೀವು ಅಳೋ ಸುದ್ದಿಗೆ ಅಳ್ತಿಲ್ಲ’ ಅಂದರು ಡಾಕ್ಟರು.

ಮೂರನೇ ತಪ್ಪು: ಎಲ್ಲ ಕಂದು ಬಣ್ಣವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು. ಅಟ್ಲಾಸಿನ ‘ಹೆಚ್ಚು, ಮಧ್ಯಮ, ಕಡಿಮೆ’ ಅಳತೆಯೇ ಬೇರೆ, ಆಸ್ಪತ್ರೆಯ 0, 1+, 2+, 3+ ಅಳತೆಯೇ ಬೇರೆ. ಅಟ್ಲಾಸ್ ಸಂಶೋಧನೆಗೆ ಮಾಡಿದ್ದು; ಅದರಲ್ಲಿ ಒಂದು ಪ್ರೋಟೀನಿಗೆ ಎರಡು ಪ್ರತಿಕಾಯ ಬಳಸಿದ್ದರೆ ಎರಡೂ ಬೇರೆ ಬೇರೆ ಕಥೆ ಹೇಳಬಹುದು. ಪ್ರತಿಕಾಯ ಕೆಲವು ಸಲ ತನ್ನದಲ್ಲದ ಪ್ರೋಟೀನಿಗೂ ಅಂಟಿಕೊಂಡು ಮೋಸ ಮಾಡುತ್ತೆ. ಹಾಗಾಗಿಯೇ ಅಟ್ಲಾಸಿನವರು ಪ್ರತಿ ಪ್ರೋಟೀನಿಗೂ ಎಷ್ಟು ನಂಬಬಹುದು ಅಂತ ನಾಲ್ಕು ದರ್ಜೆ ಕೊಟ್ಟಿದ್ದಾರೆ. ಬೇರೆ ವಿಧಾನದಿಂದಲೂ ಗಟ್ಟಿಯಾಗಿ ಖಚಿತವಾದದ್ದು ಮೇಲಿನ ದರ್ಜೆ, ಅನುಮಾನ ಇರುವುದು ಕೊನೆಯ ದರ್ಜೆ. ನಾನು ಆ ಸಾಲನ್ನು ಓದಿಯೇ ಇರಲಿಲ್ಲ. ಚಿತ್ರ ನೋಡುವ ಆತುರ.

ಇನ್ನೊಂದು ಬಲೆಯೂ ಇದೆ. ಆಲ್ಬುಮಿನ್ ಅನ್ನೋ ಪ್ರೋಟೀನ್ ತಯಾರಾಗೋದು ಲಿವರಿನಲ್ಲಿ. ಆದರೆ ಅದು ರಕ್ತದಲ್ಲಿ ಊರೆಲ್ಲ ತಿರುಗುತ್ತೆ. ರಕ್ತ ಇರುವ ಕಡೆಯೆಲ್ಲ ಅದರ ಬಣ್ಣ ಕಾಣಬಹುದು. ವಾಣಿವಿಲಾಸ ಸಾಗರದ ನೀರು ಕಾಲುವೆಯಲ್ಲಿ ಹಿರಿಯೂರಿನ ಹೊಲಕ್ಕೆ ಬಂತು ಅಂದಮಾತ್ರಕ್ಕೆ ನೀರು ಹೊಲದಲ್ಲೇ ಹುಟ್ಟಿತು ಅಂತೀವಾ? ಪ್ರೋಟೀನ್ ಕಂಡ ಜಾಗ ಬೇರೆ, ಹುಟ್ಟಿದ ಜಾಗ ಬೇರೆ ಇರಬಹುದು. ಅದಕ್ಕೇ ಅಟ್ಲಾಸಿನಲ್ಲಿ ಬಣ್ಣದ ಚಿತ್ರದ ಪಕ್ಕದಲ್ಲೇ ಆರ್‌ಎನ್‌ಎ ಲೆಕ್ಕವನ್ನೂ ಕೊಟ್ಟಿರುತ್ತಾರೆ. ಪ್ರೋಟೀನ್ ತಯಾರಿಸುವ ಆದೇಶ ಯಾವ ಅಂಗದಲ್ಲಿ ಹೊರಟಿದೆ ಅನ್ನೋದು ಅದರಿಂದ ತಿಳಿಯುತ್ತೆ. ಎರಡನ್ನೂ ಸೇರಿಸಿ ಓದಬೇಕು.

ಹಾಗಾದ್ರೆ ನೋಡಬಾರದಾ?

ಖಂಡಿತ ನೋಡಬೇಕು, ಆದರೆ ಸರಿಯಾದ ಪ್ರಶ್ನೆ ಇಟ್ಟುಕೊಂಡು. ‘ನಮ್ಮ ಚಿಕ್ಕಮ್ಮನಿಗೆ ಏನಾಗಿದೆ’ ಅನ್ನೋದಕ್ಕೆ ಅಟ್ಲಾಸ್ ಉತ್ತರ ಕೊಡೋದಿಲ್ಲ. ‘ಈ ಪ್ರೋಟೀನ್ ಸಾಮಾನ್ಯವಾಗಿ ಎಲ್ಲೆಲ್ಲಿರುತ್ತೆ’ ಅನ್ನೋದಕ್ಕೆ ಕೊಡುತ್ತೆ. ಆ ಉತ್ತರಕ್ಕೂ ಬೆಲೆ ಇದೆ.

ಟ್ಯಾಮಾಕ್ಸಿಫೆನ್ ಮಾತ್ರೆ ತಗೊಳ್ಳುವ ಹೆಂಗಸರಿಗೆ ‘ರಕ್ತಸ್ರಾವ ಕಂಡರೆ ತಕ್ಷಣ ಬನ್ನಿ’ ಅಂತ ಡಾಕ್ಟರು ಯಾಕೆ ಹೇಳ್ತಾರೆ? ಅದು ಹಿಡಿಯುವ ಇಆರ್ ಪ್ರೋಟೀನ್ ಗರ್ಭಕೋಶದ ಒಳಪದರದಲ್ಲೂ ಇದೆ. ಸ್ತನದಲ್ಲಿ ಹಾರ್ಮೋನಿಗೆ ತಡೆ ಹಾಕುವ ಆ ಮಾತ್ರೆ ಅಲ್ಲಿ ಹಾರ್ಮೋನಿನ ಥರವೇ ಸ್ವಲ್ಪ ವರ್ತಿಸುತ್ತೆ. ಹರ್-2 ವಿರುದ್ಧದ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ನಿಗೆ ಮೊದಲು ಹೃದಯದ ಎಕೊ ಯಾಕೆ ಮಾಡಿಸ್ತಾರೆ? ಹೃದಯದ ಸ್ನಾಯುವಿಗೂ ಆ ಪ್ರೋಟೀನಿನ ಕೆಲಸ ಬೇಕು. ಪ್ರೋಟೀನ್ ಎಲ್ಲೆಲ್ಲಿದೆ ಅಂತ ಗೊತ್ತಾದರೆ ಔಷಧಿಯ ಅಡ್ಡಪರಿಣಾಮ ಎಲ್ಲೆಲ್ಲಿ ಬರಬಹುದು ಅನ್ನೋದೂ ಅರ್ಥ ಆಗುತ್ತೆ. ಹೊಸ ಔಷಧಿ ಹುಡುಕುವವರು ಈ ಅಟ್ಲಾಸನ್ನು ತಿರುವಿ ಹಾಕೋದೂ ಇದಕ್ಕೇ.

ಇನ್ನು 2+. ಹರ್-2ರಲ್ಲಿ 0 ಮತ್ತು 1+ ಅಂದರೆ ನೆಗೆಟಿವ್, 3+ ಅಂದರೆ ಪಾಸಿಟಿವ್. 2+ ಅಂದರೆ ಬಣ್ಣ ನೋಡಿ ತೀರ್ಮಾನ ಹೇಳಕ್ಕಾಗಲ್ಲ ಅಂತ. ಆಗ ಫಿಶ್ ಅನ್ನೋ ಪರೀಕ್ಷೆ ಮಾಡ್ತಾರೆ. ಪ್ರೋಟೀನ್ ಬಿಟ್ಟು ನೇರವಾಗಿ ಜೀನ್‌ನ ಪ್ರತಿಗಳನ್ನೇ ಎಣಿಸುವ ಪರೀಕ್ಷೆ ಅದು. ಅದಕ್ಕೆ ಮತ್ತೆ ಸೂಜಿ ಚುಚ್ಚಬೇಕಿಲ್ಲ. ಅದೇ ಮೇಣದ ಬ್ಲಾಕಿನಿಂದ ಇನ್ನೊಂದು ಹಾಳೆ ಕೊಯ್ದರೆ ಸಾಕು. ಬ್ಲಾಕ್ ಅಂದರೆ ಕಸ ಅಲ್ಲ, ರೋಗಿಯ ಆಸ್ತಿಪತ್ರ ಇದ್ದ ಹಾಗೆ ಅಂತ ನಮಗೆ ಗೊತ್ತಾಗಿದ್ದು ಆಗ.

ಹತ್ತು ದಿನ ಕಾದೆವು. ಫಿಶ್ ನೆಗೆಟಿವ್ ಬಂತು. ಅಷ್ಟರಲ್ಲಿ ಚಿಕ್ಕಮ್ಮನನ್ನು ಒಪ್ಪಿಸುವ ಕೆಲಸ ನನ್ನ ತಲೆಗೇ ಬಿತ್ತು. ಹೆದರಿಸಿದವನೂ ನಾನೇ ಅಲ್ವಾ. ಊರಿಗೆ ಹೋಗಿ ಅವರ ಪಕ್ಕ ಕೂತು ಮೊಬೈಲಿನಲ್ಲಿ ಆ ಚಿತ್ರಗಳನ್ನು ತೋರಿಸಿದೆ. ‘ನೋಡಿ ಚಿಕ್ಕಮ್ಮ, ಇದು ನಿಮ್ದಲ್ಲ. ಬೇರೆ ಯಾರದೋ, ಏನೂ ರೋಗ ಇಲ್ಲದವರದ್ದು. ಅವರಿಗೂ ಇದೇ ಥರ ಬಣ್ಣ ಬಂದಿದೆ.’ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ‘ಎಲೆ ಅಡಿಕೆ ಉಗಿದಂಗೈತಲ್ಲ ಮಗಾ’ ಅಂದರು. ಆ ವಾರದಲ್ಲಿ ನಾವು ನಕ್ಕಿದ್ದು ಅದೇ ಮೊದಲು.

ಆಪರೇಷನ್ ಆಯಿತು. ಈಗ ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ, ಜೊತೆಗೆ ಮೂಳೆಗೆ ಕ್ಯಾಲ್ಸಿಯಂ. ಮೂರು ತಿಂಗಳಿಗೊಮ್ಮೆ ತಪಾಸಣೆ. ತೋಟಕ್ಕೆ ಹೋಗ್ತಾರೆ, ಕೂಲಿಯವರನ್ನ ಬೈತಾರೆ.

ನಿಮ್ಮ ಮನೆಗೂ ಇಂಥ ರಿಪೋರ್ಟು ಬಂದರೆ

* ಚೂರು ತೆಗೆದ ಹೊತ್ತು, ಫಾರ್ಮಲಿನ್‌ಗೆ ಹಾಕಿದ ಹೊತ್ತು ಎರಡನ್ನೂ ಸೀಸೆಯ ಮೇಲೆ ಬರೆಸಿ. ಒಂದು ಫೋಟೋ ತೆಗೆದಿಡಿ.

* ಸೀಸೆಯಲ್ಲಿರೋದು ಫಾರ್ಮಲಿನ್ನೇ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಚೂರಿನ ಹತ್ತು ಪಟ್ಟಾದರೂ ದ್ರವ ಇರಬೇಕು. ಮನೆಗೆ ತಂದು ಫ್ರಿಜ್ಜಿನಲ್ಲಿಡೋದು, ನೀರು ಸೇರಿಸೋದು ಮಾಡಬೇಡಿ.

* ಬ್ಲಾಕ್ ಮತ್ತು ಸ್ಲೈಡುಗಳು ಯಾವ ಲ್ಯಾಬಿನಲ್ಲಿವೆ, ನಂಬರ್ ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಎರಡನೇ ಅಭಿಪ್ರಾಯಕ್ಕೆ ಬೇಕಾದಾಗ ಕೇಳಿ ಪಡೆಯಬಹುದು.

* ಹರ್-2 2+ ಬಂದರೆ ‘ಫಿಶ್ ಮಾಡಿಸ್ಬೇಕಾ?’ ಅಂತ ನೀವೇ ಕೇಳಿ.

* ‘ಪಾಸಿಟಿವ್’ ಪದ ಕಂಡ ಕೂಡಲೇ ಗಾಬರಿಯಾಗಬೇಡಿ. ‘ಇದು ಪಾಸಿಟಿವ್ ಬಂದಿದ್ದರಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತೆ ಡಾಕ್ಟ್ರೇ?’ ಅನ್ನೋ ಒಂದು ಪ್ರಶ್ನೆ ಸಾಕು.

* ಅಟ್ಲಾಸ್ ನೋಡಿ, ಕಲಿಯಿರಿ. ಆದರೆ ಬೆಳಗಿನ ಜಾವ ನಾಲ್ಕು ಗಂಟೆಗೆ ನೋಡಿದ್ದನ್ನ ಯಾರಿಗೂ ಫಾರ್ವರ್ಡ್ ಮಾಡಬೇಡಿ.

ಕೊನೆಯ ಸಾಲು ನನಗೆ ನಾನೇ ಬರೆದುಕೊಂಡದ್ದು.